ಅರಿಶಿನ ಹತ್ತಿದ ಎರಡು ರೂಪಾಯಿ

ನಮ್ಮ ಮನೆಯವರು ವನಗೂರಿನಿಂದ ಸಕಲೇಶಪುರಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಸಂಜೆ ಜೀಪಿನ ಸದ್ದು ಕೇಳಿದರೆ ಸಾಕು, ನಾನು ಓಡಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೋಡಿದವರು ಗಂಡನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಿರಬೇಕು. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಕಾಯುತ್ತಿದ್ದದ್ದು ಅವರ ಜೇಬಿನ ಚಿಲ್ಲರೆಗೆ.

ದುಡ್ಡಿನಾಸೆ ಅಲ್ಲ. ನನಗೆ ಬೇಕಾದದ್ದು ನಾಣ್ಯದ ಮೇಲಿನ ಚಿತ್ರ. ದಿನಬಳಕೆಯ ನೂರು ನಾಣ್ಯಗಳ ನಡುವೆ ಎಲ್ಲೋ ಒಂದು ಹಬ್ಬದ ಬಟ್ಟೆ ಹಾಕಿಕೊಂಡು ಬಂದಿರುತ್ತದೆ. ಯಾವುದೋ ನೆನಪಿಗೆಂದು ಸರ್ಕಾರ ಬಿಟ್ಟದ್ದು, ಆಮೇಲೆ ಎಲ್ಲರೂ ಮರೆತದ್ದು. ಜನ ಅದನ್ನು ಕೊಟ್ಟು ಬೀಡಿ ಕೊಳ್ಳುತ್ತಾರೆ, ಜೀಪು ಹತ್ತುತ್ತಾರೆ, ತಿರುಗಿಸಿ ನೋಡುವುದೇ ಇಲ್ಲ! ನಾನು ಅಂಥವನ್ನು ಹೆಕ್ಕಿ, ಬದಲಿಗೆ ನನ್ನ ಹಾಲಿನ ದುಡ್ಡು ಹಾಕಿಟ್ಟು, ಸೀರೆ ಡಬ್ಬಿಯ ರಟ್ಟಿನಲ್ಲಿ ಗುಂಡಗೆ ತೂತು ಕೊರೆದು ಕೂರಿಸುತ್ತಿದ್ದೆ. ಅತ್ತೆ ಅದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದರು.

"ಖರ್ಚು ಮಾಡಂಗಿಲ್ಲ, ತಿನ್ನಂಗಿಲ್ಲ. ಇದ್ಯಾವ ಹುಚ್ಚು ಮಾರಾಯ್ತಿ?"

ರಟ್ಟಿನಲ್ಲಿ ಎರಡು ತೂತು ಬಹುಕಾಲ ಖಾಲಿ ಉಳಿದಿದ್ದವು. ಒಂದು, ಕಮಲದ ಚಿತ್ರದ ಹಿತ್ತಾಳೆಯ ಇಪ್ಪತ್ತು ಪೈಸೆಗೆ. ಇನ್ನೊಂದು, ರೈಲ್ವೆಯ ನೂರೈವತ್ತು ವರ್ಷಕ್ಕೆಂದು ಬಿಟ್ಟ ಎರಡು ರೂಪಾಯಿಗೆ. ಅದರಲ್ಲಿ ಒಂದು ಆನೆ ಲಾಟೀನು ಹಿಡಿದು ನಿಂತಿರುತ್ತದೆ. ಎಡಕುಮೇರಿ ಕಡೆ ಹಳಿ ಬದಲಿಸುತ್ತ ರೈಲೇ ನಿಂತುಹೋಗಿದ್ದ ಕಾಲ ಅದು. ರೈಲಿಲ್ಲದ ಊರಿಗೆ ರೈಲಿನ ಆನೆಯಾದರೂ ಬರಲಿ ಎಂದು ನನಗೆ ಹಟ. ಒಮ್ಮೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಹೂವಿನವಳ ಅಂಗೈಯಲ್ಲಿ ಅದನ್ನು ಕಂಡೆ. ಕೇಳುವಷ್ಟರಲ್ಲಿ ಅವಳ ಚೀಲಕ್ಕೆ ಬಿತ್ತು. ಮತ್ತೆ ಮತ್ತೆ ಚಿಲ್ಲರೆ ತೆಗೆಸಲು ಮೊಳದ ಮೇಲೆ ಮೊಳ ಹೂ ಕೊಂಡೆ. ಆನೆ ಬರಲಿಲ್ಲ. ಅಷ್ಟೂ ಹೂ ಮುಡಿದು ಮದುಮಗಳ ಹಾಗೆ ಜೀಪಿನಲ್ಲಿ ಕೂತು ಮನೆಗೆ ಬಂದೆ.

ಕೊನೆಗೊಂದು ಸಂಜೆ ಅದು ನಮ್ಮವರ ಜೇಬಿನಲ್ಲೇ ಬಂತು. ನಾನು ಅಂಗಳದಲ್ಲಿ ಕುಣಿದೇಬಿಟ್ಟೆ. ನಾಯಿ ಬೊಗಳಿತು, ನಮ್ಮವರು ಹೆದರಿ ಕೈಕಾಲು ತೊಳೆಯಲು ಹೋದರು. ಆನೆಯನ್ನು ಕಿಟಕಿಯ ಮೇಲಿಟ್ಟು ರಟ್ಟು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಕಿಟಕಿ ಖಾಲಿ.

ಅತ್ತೆ ದೇವರ ಗೂಡಿನ ಮುಂದೆ ನಿಂತಿದ್ದರು. ಕೈಯಲ್ಲಿ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಗಂಟು. ಮುಡಿಪು ಕಟ್ಟಿ ಮುಗಿದಿತ್ತು.

"ಗಣಪ ತಾನಾಗೇ ಮನೆಗೆ ಬಂದವ್ನೆ ಕಣೆ," ಎಂದರು, ಮುಖವೆಲ್ಲ ಬೆಳಕು. "ಕೈಯಾಗೆ ಲಾಟೀನು ಬೇರೆ ಹಿಡ್ಕಂಡು! ಈ ಸಲ ಗದ್ದೆಗೆ ಆನೆ ಇಳಿಯಕ್ಕೆ ಬುಡಲ್ಲ ಅವ್ನು. ಒಕ್ಕಣೆ ಆಗ್ಲಿ, ಗುಡಿ ಹುಂಡಿಗೆ ಹಾಕ್ತೀನಿ ಅಂತ ಹೇಳ್ಕಂಡಿದೀನಿ."

"ಅತ್ತೆ, ಅದು ಗಣಪ ಅಲ್ಲ, ರೈಲ್ವೆ ಆನೆ!"

"ರೈಲ್ವೆಯೋರಿಗೆ ಬ್ಯಾರೆ ಗಣಪ ಇರ್ತಾನೇನೆ?"

ಬೇರೆ ಎರಡು ರೂಪಾಯಿ ಕಟ್ಟೋಣ ಎಂದು ಗೋಗರೆದೆ.

"ದೇವ್ರಿಗೆ ಕಟ್ಟಿದ್ದನ್ನ ಬದಲಾಯ್ಸಕ್ಕೆ ಅದೇನು ಅಂಗಡೀಲಿ ತಗಂಡ ಸೀರೆನಾ?"

ಎರಡು ದಿನ ನಾನು ಅತ್ತೆಯೊಂದಿಗೆ ಮಾತಾಡಲಿಲ್ಲ. ಸಿಟ್ಟು ನನಗೆ ಬೇಗ ಬರುತ್ತದೆ, ಆದರೆ ಬಹಳ ದಿನ ಇರುವುದಿಲ್ಲ. ಮೂರನೆಯ ದಿನದಿಂದ ಯಾರೂ ಇಲ್ಲದಾಗ ಗಂಟನ್ನು ಮುಟ್ಟಿ ಬಟ್ಟೆಯ ಮೇಲಿಂದಲೇ ಅಂಚು ಎಣಿಸತೊಡಗಿದೆ. ಆ ನಾಣ್ಯಕ್ಕೆ ಹನ್ನೊಂದು ಮೂಲೆ.

ಆ ವರ್ಷ ಆನೆಗಳು ಬಂದವು. ಪಕ್ಕದ ಮನೆಯ ಬಾಳೆಯನ್ನೆಲ್ಲ ಮುರಿದು, ನಮ್ಮ ಗದ್ದೆಯ ಬದುವಿನವರೆಗೆ ಬಂದು, ಏನನ್ನಿಸಿತೋ ಏನೋ, ಹಾಗೇ ಹಿಂದಿರುಗಿದವು. "ನೋಡ್ದಾ?" ಎಂದರು ಅತ್ತೆ. ಪಕ್ಕದ ಮನೆಯವರ ಮುಖ ನೋಡುವಂತಿರಲಿಲ್ಲ.

ಒಕ್ಕಣೆ ಮುಗಿದ ವಾರ ಮೂವರೂ ರಸ್ತೆ ಬದಿಯ ಗಣಪತಿ ಗುಡಿಗೆ ಹೋದೆವು. ಅತ್ತೆ ಗಂಟು ಬಿಚ್ಚಿದರು. ಆನೆ ಅರಿಶಿನ ಮೆತ್ತಿಕೊಂಡು ಹಳದಿಯಾಗಿತ್ತು. ಹುಂಡಿಯ ತಳಕ್ಕೆ ಬಿದ್ದು ಟಣ್ ಎಂದಿತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎರಡು ರೂಪಾಯಿಗೆ ಅಳುವ ಹೆಂಗಸು ಎಂದು ನನಗೇ ನಾಚಿಕೆಯಾಯಿತು. ಅತ್ತೆ ಅದನ್ನು ಓರೆಗಣ್ಣಿನಲ್ಲಿ ನೋಡಿದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಸುಮ್ಮನೆ ಒಂದು ಮಾತು ಹೇಳಿದರು. ಸಂಕಷ್ಟಿಯ ಮಾರನೆಯ ದಿನ ಪೂಜೆಯವರು ಹುಂಡಿ ತೆಗೆದು, ಅಷ್ಟೂ ಚಿಲ್ಲರೆಯನ್ನು ಗುಡಿ ಎದುರಿನ ಅಂಗಡಿಗೆ ಕೊಟ್ಟು ನೋಟು ಮಾಡಿಸಿಕೊಳ್ಳುತ್ತಾರಂತೆ. ಬಾಯಿಗೊಯ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಹಾಗಾದರೆ ದೇವರ ದುಡ್ಡು ಮತ್ತೆ ಊರಿಗೇ ಬರುತ್ತದೆ!

ಸಂಕಷ್ಟಿ ಬರುವವರೆಗೆ ನಾನು ನೆಲದ ಮೇಲೆ ನಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಅತ್ತೆ ತಂಗಿಯ ಮನೆಗೆ ಹೋಗಿಬರುತ್ತೇನೆಂದು ಮೊದಲ ಬಸ್ಸಿಗೇ ಹೊರಟರು. ಒಳ್ಳೆಯದೇ ಆಯಿತು ಎಂದುಕೊಂಡು, ನಮ್ಮವರಿಗೆ ಹಲ್ಲುನೋವೆಂದು ಹೇಳಿ, ಕೆನ್ನೆ ಹಿಡಿದುಕೊಂಡು ಜೀಪು ಹತ್ತಿದೆ. ಗುಡಿಯ ಹತ್ತಿರ ಇಳಿದು ಅಂಗಡಿಗೆ ನುಗ್ಗಿದೆ.

ಒಳಗೆ ಅಕ್ಕಿ ಮೂಟೆಯ ಮೇಲೆ ಅತ್ತೆ ಕೂತಿದ್ದರು. ತೊಡೆಯ ಮೇಲೆ ಮೊರ, ಮೊರದ ತುಂಬ ಹುಂಡಿಯ ಚಿಲ್ಲರೆ. ಕನ್ನಡಕ ಮೂಗಿನ ತುದಿಗಿಳಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದೇ ನಾಣ್ಯ ತಿರುಗಿಸಿ ನೋಡುತ್ತಿದ್ದರು. ಅಂಗಡಿಯವನು ಬೆಪ್ಪಾಗಿ ನಿಂತಿದ್ದ.

ಅತ್ತೆ ತಲೆ ಎತ್ತಿದರು. "ಹಲ್ಲುನೋವು ಎಂಗೈತೆ?" ಎಂದರು. ಕೆನ್ನೆಯ ಮೇಲಿನ ಕೈ ತೆಗೆಯುವುದನ್ನೇ ಮರೆತಿದ್ದೆ.

"ನಿಮ್ಮ ತಂಗಿ ಚೆನ್ನಾಗಿದಾರಾ ಅತ್ತೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಹೊಟ್ಟೆ ಹಿಡಿದು ನಕ್ಕು ಮೊರದ ಚಿಲ್ಲರೆ ಚೆಲ್ಲಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಅಂಗೈ ಬಿಡಿಸಿ ಒಂದು ನಾಣ್ಯ ಇಟ್ಟರು. ಲಾಟೀನಿನ ಸಂದಿಯಲ್ಲೂ ಅರಿಶಿನ ಕೂತಿತ್ತು.

"ದೇವ್ರಿಗೆ ಸೇರಿದ್ದು ಸೇರಾಯ್ತು. ಈಗ ಎರಡು ರೂಪಾಯಿ ಕೊಟ್ಟು ನಾನು ತಗಂಡಿದೀನಿ. ನಿಂದು ಕಣೆ, ಮಡಿಕ್ಕೊ."

ಆ ಹೊತ್ತು ಅತ್ತೆಯನ್ನು ತಬ್ಬಿಕೊಳ್ಳಬೇಕೆನಿಸಿ ತಬ್ಬಿಕೊಂಡೆ. ನಮ್ಮ ಮನೆಯಲ್ಲಿ ಅದು ರೂಢಿಯಲ್ಲ. ತಬ್ಬಿದಾಗ ಗೊತ್ತಾಯಿತು, ಅವರ ಎಡಗೈ ಮುಷ್ಟಿ ಬಿಗಿಯಾಗಿತ್ತು.

"ಆ ಕೈಲೇನು ಅತ್ತೆ?"

"ಏನಿಲ್ಲ."

ಬಲವಂತ ಮಾಡಿ ಬಿಡಿಸಿದೆ. ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ! ಯಾರೋ ಪುಣ್ಯಾತ್ಮರು ಮನೆಯ ಹಳೆಯ ನಾಣ್ಯವನ್ನು ಹುಂಡಿಗೆ ಹಾಕಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಷ್ಟಿ ಮುಚ್ಚಿದರು.

"ಇದು ನಂದು. ಕೇಳ್ಬ್ಯಾಡ."

ಅಂದು ಸಂಜೆ ಜೀಪಿನ ಸದ್ದು ಕೇಳಿ ಓಡಿ ಬಂದೆ. ಅತ್ತೆ ಆಗಲೇ ಬಾಗಿಲಲ್ಲಿ ನಿಂತಿದ್ದರು, ಕನ್ನಡಕ ಹಾಕಿಕೊಂಡು.