ಹಸಿರು ಟಿಕಳಿಯ ಕ್ಯಾಸೆಟ್

ಅಣ್ಣನ ಬಲ ಮೊಣಕಾಲ ಚಿಪ್ಪಿನ ಮೇಲೆ ಹುಣಸೆ ಬೀಜದಷ್ಟು ಜಾಗದಲ್ಲಿ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಮುಟ್ಟಿದರೆ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಒರಟು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಜಾಗಕ್ಕೆ ಉಕ್ಕಿನ ಫೋರ್ಕ್ ಬಡಿದು ಬಡಿದು ಆದದ್ದು. ಎರಡು ಕಾಲಿನ ಆ ಫೋರ್ಕನ್ನು ಮೊಣಕಾಲಿಗೆ ಬಡಿದರೆ ಅದು ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಅದನ್ನು ಕಿವಿಗೆ ಹಿಡಿದುಕೊಂಡು ಅಣ್ಣ ಪಿಯಾನೋದ ತಂತಿಗಳನ್ನು ಶ್ರುತಿ ಮಾಡುತ್ತಿದ್ದ. ಅವನ ಪ್ಯಾಂಟುಗಳೆಲ್ಲ ಅದೊಂದೇ ಜಾಗದಲ್ಲಿ ಸವೆಯುತ್ತಿದ್ದವು. ಹೊಸ ಪ್ಯಾಂಟು ತಂದ ದಿನವೇ ಅವನ ಹೆಂಡತಿ, ನನ್ನ ವೈನಿ, ಒಳಗಿನಿಂದ ಒಂದು ತೇಪೆ ಹಾಕಿಬಿಡುತ್ತಿದ್ದಳು. ಅವನಿಗೆ ಕೊನೆಯ ಸ್ನಾನ ಮಾಡಿಸುವಾಗ ನನ್ನ ಕೈ ಆ ಜಡ್ಡಿನ ಮೇಲೆ ಹೋಯಿತು. ಮುಂದೆ ನೀರು ಹಾಕಲು ನನ್ನಿಂದ ಆಗಲಿಲ್ಲ. ಬೇರೆಯವರು ಮುಗಿಸಿದರು.

ನಾನು ಆರನೇ ಇಯತ್ತೆಯವರೆಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವನು. ಬರೆದು ರೂಢಿಯಿಲ್ಲ. ಆದರೆ ಈ ಒಂದು ಸಂಗತಿಯನ್ನು ಬಾಯಲ್ಲಿ ಹೇಳಲು ಹೋದಾಗೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರದ ಕಡೆ. ಅಪ್ಪನ ಕಾಲಕ್ಕೇ ಬಂದು ವಿಕ್ರೋಳಿಯ ಚಾಳಿನಲ್ಲಿ ನೆಲೆ ನಿಂತವರು. ನಾನು ಅಲ್ಲೇ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಅಣ್ಣ ಮೊದಲು ಬಡಿಗ. ಬಾಂದ್ರಾದಲ್ಲಿ ಒಂದು ಪಿಯಾನೋದ ಮುರಿದ ಕಾಲು ಕೂಡಿಸಲು ಹೋದವನು ಅಲ್ಲಿದ್ದ ಮುದುಕ ಟ್ಯೂನರ್‌ನ ಬೆನ್ನು ಹತ್ತಿ, ಆ ಕೆಲಸ ಕಲಿತು, ಅವನು ತೀರಿಹೋದ ಮೇಲೆ ಅವನ ಚರ್ಮದ ಚೀಲವನ್ನೂ ಅವನ ಗಿರಾಕಿಗಳನ್ನೂ ತನ್ನ ಹೆಗಲಿಗೆ ಹಾಕಿಕೊಂಡ. ಪಿಯಾನೋದಲ್ಲಿ ಬಹಳಷ್ಟು ಸ್ವರಗಳಿಗೆ ಮೂರು ಮೂರು ತಂತಿ ಇರುತ್ತವೆ. ನಡುವೆ ಬಟ್ಟೆಯ ಬೆಣೆ ತುರುಕಿ ಎರಡನ್ನು ಸುಮ್ಮನಾಗಿಸಿ ಒಂದನ್ನು ಸರಿಮಾಡಬೇಕು, ಆಮೇಲೆ ಉಳಿದೆರಡನ್ನು ಅದಕ್ಕೆ ಹೊಂದಿಸಬೇಕು. ಹೊಂದದಿದ್ದರೆ ಸ್ವರದೊಳಗೆ ಒಂದು ಅಲೆ ಏಳುತ್ತದೆ, ವಂವ್ ವಂವ್ ಅಂತ. ಹೊಂದುತ್ತ ಬಂದ ಹಾಗೆ ಅಲೆ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. “ಮೂರೂ ಮಂದಿ ಒಂದ ಮಾತ ಹೇಳಬೇಕು ತಮ್ಮಾ,” ಅನ್ನುತ್ತಿದ್ದ. “ಒಬ್ಬಾವ ಸುಳ್ಳ ಹೇಳಿದ್ರ ಉಳಿದ ಇಬ್ಬರೂ ಸುಳ್ಳ ಹೇಳಿಧಂಗ ಕೇಳಸ್ತದ.”

ಮಳೆಗಾಲದಲ್ಲಿ ಇಲ್ಲಿಯ ಹವೆಗೆ ಕಟ್ಟಿಗೆ ಉಬ್ಬಿ, ಬೆರಳಿಂದ ಒತ್ತಿದ ಪಟ್ಟಿ ಮೇಲೆ ಬರುವುದಿಲ್ಲ. ಅದಕ್ಕೆ ಅಣ್ಣ ಎಲ್ಲ ಗಿರಾಕಿಗಳ ಪಿಯಾನೋದ ಹೊಟ್ಟೆಯೊಳಗೂ ಒಂದು ಸಣ್ಣ ಬಲ್ಬ್ ಕೂಡಿಸಿ ಹಗಲೂ ರಾತ್ರಿ ಉರಿಯಲು ಬಿಡುತ್ತಿದ್ದ. ಕೋಳಿಮರಿಗೆ ಕಾವು ಕೊಟ್ಟ ಹಾಗೆ. ಜೂನ್ ಬಂತೆಂದರೆ ಮನೆಮನೆಗೆ ಫೋನ್ ಹಚ್ಚಿ, “ಬಲ್ಬ್ ಉರಿಯಾಕತ್ತೈತೇನ್ರಿ?” ಎಂದು ಕೇಳುವುದು ಅವನ ನೇಮ. ಹಿಂದಿಯವರಿಗೂ ಗುಜರಾತಿಯವರಿಗೂ ಕನ್ನಡದಲ್ಲೇ ಶುರುಮಾಡಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಕನ್ನಡ ಬರುತ್ತಿದ್ದ ಗಿರಾಕಿ ಒಬ್ಬರೇ. ಬಾಂದ್ರಾದ ಪಿಯಾನೋ ಟೀಚರ್. ಮಂಗಳೂರಿನಿಂದ ಮದುವೆಯಾಗಿ ಬಂದವರು. ಅಣ್ಣನಿಗೆ ಮೇಸ್ತ್ರಿ ಅನ್ನುತ್ತಿದ್ದರು, ಅಣ್ಣ ಅವರಿಗೆ ಬಾಯಾರ ಅನ್ನುತ್ತಿದ್ದ.

“ಎಂತ ಮೇಸ್ತ್ರಿ, ನೀವು ಮಾತಾಡುದು ಕೇಳಿ ಪಕ್ಕದ ಫ್ಲ್ಯಾಟಿನವರು ಜಗಳ ಅಂತ ಬಾಗಿಲು ತೆಗೀತಾರೆ.”

“ನಿಮ್ಮ ಕನ್ನಡ ಸಾಲಿ ಪುಸ್ತಕದಾಗಿಂದು ಬಾಯಾರ. ಉಪ್ಪ ಕಡಿಮಿ.”

ಒಮ್ಮೆ ಆ ಟೀಚರ್ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಬಿಟ್ಟು ಸೀಡಿ ಕೊಂಡರು. ಐದು ಕ್ಯಾಸೆಟ್ ಅಣ್ಣನ ಕೈಗಿಟ್ಟು ಹೇಳಿದರಂತೆ: “ಐದೂ ಒಂದೇ ಪಾಠ ಮೇಸ್ತ್ರಿ, ನುಡಿಸಿದವರು ಐದು ಜನ. ಕೇಳಿ ನಿಮಗೆ ಯಾವುದು ಇಷ್ಟ ಹೇಳಿ. ಯಾಕೆ ಅಂತಲೂ ಹೇಳ್ಬೇಕು, ಸುಮ್ನೆ ಬೆರಳು ತೋರ್ಸುದಲ್ಲ.”

ಅದು ಹಳೆಯ ಕಾಲದ ಯಾರೋ ಹೊರದೇಶದ ಉಸ್ತಾದರು ಕಟ್ಟಿದ, ಮುಕ್ಕಾಲು ಗಂಟೆಯ ಪಾಠ. ಅದರ ಹೆಸರು ನಮ್ಮ ಯಾರ ಬಾಯಿಗೂ ಹತ್ತಲಿಲ್ಲ. ಮೇಲಿನ ಇಂಗ್ಲಿಷ್ ಓದಲು ನಮಗೆ ಬರುತ್ತಿರಲಿಲ್ಲವಾದ್ದರಿಂದ ವೈನಿ ತನ್ನ ಹಣೆಗೆ ಹಚ್ಚುವ ಟಿಕಳಿಗಳನ್ನು ಒಂದೊಂದಕ್ಕೆ ಒಂದೊಂದು ಬಣ್ಣದಂತೆ ಅಂಟಿಸಿ ಕೊಟ್ಟಳು. ಕೆಂಪು, ಹಸಿರು, ಕಪ್ಪು, ಹಳದಿ, ನೀಲಿ. ಅಣ್ಣ ಅದನ್ನು ಪರೀಕ್ಷೆಯೆಂದೇ ತಿಳಿದ. ನಾಲ್ಕು ತಿಂಗಳು ರವಿವಾರ ಬಂತೆಂದರೆ ಟೇಪ್ ರೆಕಾರ್ಡರ್ ಮುಂದೆ ಗೋಡೆಗೆ ಆತು ಕೂತುಬಿಡುತ್ತಿದ್ದ. ವೈನಿ ಅಲ್ಲೇ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತ, “ಇವರೈದು ಮಂದಿಗಿಂತ ನನ್ನ ರೊಟ್ಟಿನ ಹೆಚ್ಚ ತಾಳಕ್ಕ ಬೀಳತಾವ,” ಅನ್ನುತ್ತಿದ್ದಳು.

ನಾನು ಪಕ್ಕದ ಖೋಲಿಯಿಂದ ಊಟಕ್ಕೆ ಹೋದರೆ ನನಗೂ ಅದೇ ಪ್ರಶ್ನೆ.

“ಯಾವುದ ಚಲೋ ಐತಿ ತಮ್ಮಾ?”

“ಕೆಂಪಂದು.”

“ಯಾಕ?”

“ಟಿಕಳಿ ಛಂದ ಐತಿ.”

ಅವನು ನಗುತ್ತಿದ್ದ. ಮುಂದಿನ ರವಿವಾರ ಮತ್ತೆ ಕೇಳುತ್ತಿದ್ದ. ನನಗೆ ಐದೂ ತಗಡಿನ ಮೇಲೆ ಮಳೆ ಬಿದ್ದ ಹಾಗೆಯೇ ಕೇಳುತ್ತಿದ್ದವು. ಊಟ ಮುಗಿದರೆ ಸಾಕೆಂದು ಬಾಯಿಗೆ ಬಂದ ಬಣ್ಣ ಹೇಳುತ್ತಿದ್ದೆ. ಅವನು ಬಯಸಿದ್ದು ನನ್ನ ಉತ್ತರವನ್ನಲ್ಲ, ಜೊತೆಗೆ ಕೂತು ಕೇಳುವ ಒಬ್ಬನನ್ನು ಎಂದು ಆಗ ಹೊಳೆಯಲಿಲ್ಲ.

ಕೊನೆಗೆ ಅವನು ಆರಿಸಿದ್ದು ಹಸಿರು ಟಿಕಳಿಯದು. ಟೀಚರ್ ಯಾಕೆ ಅಂದಾಗ ಅವನು ಕೊಟ್ಟ ಉತ್ತರವನ್ನು ಮನೆಗೆ ಬಂದು ನಮಗೂ ಹೇಳಿದ. ಉಳಿದ ನಾಲ್ಕು ಕ್ಯಾಸೆಟ್ ಬಾಗಿಲು ಹಾಕಿಕೊಂಡು ನುಡಿಸಿ ತುಂಬಿಸಿದವು. ಹಸಿರಿನದು ಮಂದಿಯ ಮುಂದೆ ನುಡಿಸಿದ್ದು, ಶುರುವಿಗೆ ಯಾರೋ ಕೆಮ್ಮುವುದೂ ಕೇಳುತ್ತದೆ. ಅರ್ಧ ಪಾಠ ಆಗುವ ಹೊತ್ತಿಗೆ ಒಂದು ಪಟ್ಟಿಯ ಮೂರು ತಂತಿಗಳಲ್ಲಿ ಒಂದು ಸಡಿಲಾಗುತ್ತದೆ. “ನುಡಸಾವಗ ಅದು ಗೊತ್ತಾತು. ಅಲ್ಲಿಂದ ಮುಂದ ಆ ಪಟ್ಟಿ ಬಂದಾಗೆಲ್ಲ ಮಲಗಿದ ಕೂಸಿನ ಮೈಮ್ಯಾಲ ಕೈ ಇಟ್ಟಂಗ ಇಡತಾನ. ಮಂದಿಗೆ ಗೊತ್ತ ಆಗೂದಿಲ್ಲ. ಅವತ್ತ ಮುಂಜಾನೆ ಆ ಪಿಯಾನೋ ಶ್ರುತಿ ಮಾಡಿದಾವ ಎಲ್ಲೋ ಹಿಂದ ನಿಂತಿದ್ದಾನು. ಅವನ ಮಾನ ಉಳಿಸ್ಯಾನ ನೋಡ.”

ಟೀಚರ್ ಎಷ್ಟೋ ವರ್ಷ ಆ ಕ್ಯಾಸೆಟ್ ಕೇಳಿದ್ದರೂ ಅದನ್ನು ಗಮನಿಸಿರಲಿಲ್ಲವಂತೆ. ಅವತ್ತಿನಿಂದ ಅಣ್ಣನಿಗೆ ಹಾಲ್‌ನ ಸೋಫಾದಲ್ಲಿ ಬಸಿಯ ಮೇಲಿಟ್ಟ ಪಿಂಗಾಣಿ ಕಪ್ಪಿನಲ್ಲಿ ಚಹಾ. ಐದು ಕ್ಯಾಸೆಟ್‌ಗಳೂ ಅವನ ಹತ್ತಿರವೇ ಉಳಿದವು.

ವರ್ಷಗಳು ಕಳೆದು ನಾನು ಕಾರ್ಖಾನೆ ಬಿಡುವ ಹೊತ್ತಿಗೆ ಅಣ್ಣನ ಕಿವಿ ಸೋಲತೊಡಗಿತ್ತು. ಮಾತು ಕೇಳುತ್ತಿತ್ತು, ಪಿಯಾನೋದ ಬಲತುದಿಯ ಸಣ್ಣ ಸ್ವರಗಳು ಮಾತ್ರ ಇಲ್ಲ. ಒಂದು ದಿನ ನನ್ನನ್ನು ಕೂಡಿಸಿಕೊಂಡು ಹೇಳಿದ: “ನೀ ನನ್ನ ಕೂಡ ಬಾ. ಬ್ಯಾಟರಿ ಹಿಡಕೊಂಡ ಬಾಜೂಕ ನಿಲ್ಲು. ಅಲಿ ನಿಂತ ಕೂಡಲೇ ನನ್ನ ಹೆಗಲ ಮುಟ್ಟು. ಯಾರಿಗೂ ತಿಳಿಯೂದು ಬ್ಯಾಡ.” ಅಲೆ ಕೇಳುವುದನ್ನು ಅವನೇ ನನಗೆ ಕಲಿಸಿದ. ಹಾಗೆ ಆರು ವರ್ಷ ನಡೆಯಿತು. ಕೈ ಅವನದು, ಕಿವಿ ನನ್ನದು. ವೈನಿಗೂ ಗೊತ್ತಿರಲಿಲ್ಲ.

ಒಪ್ಪಿಕೊಳ್ಳುತ್ತೇನೆ, ನನ್ನೊಳಗೆ ಹುಳಿ ಹಿಂಡತೊಡಗಿತ್ತು. ವಿಕ್ರೋಳಿಯಿಂದ ದಾದರ್, ಬ್ರಿಡ್ಜ್ ಹತ್ತಿ ಇಳಿದು ಮತ್ತೊಂದು ಲೋಕಲ್, ಚೀಲ ನನ್ನ ಹೆಗಲಿಗೆ. ಹೋದಲ್ಲೆಲ್ಲ ಮೇಸ್ತ್ರಿ ಅವನು, ನಾನು ಬ್ಯಾಟರಿ ಹಿಡಿಯುವವನು. ಆರು ವರ್ಷದಲ್ಲಿ ಟೀಚರ್ ನನ್ನ ಹೆಸರು ಕೇಳಲಿಲ್ಲ.

ಆ ದಿನ ಟೀಚರ್ ಮನೆಯಲ್ಲಿ ಮಕ್ಕಳ ವರ್ಷದ ಕಾರ್ಯಕ್ರಮ. ಸಂಜೆ ತಂದೆತಾಯಿಗಳ ಮುಂದೆ ನುಡಿಸುವುದಿತ್ತು. ಮುಂಜಾನೆಯೇ ನಾವು ಶ್ರುತಿಗೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಬಲತುದಿಗೆ ಬಂದಾಗ ನನಗೆ ಸಾಕಾಗಿತ್ತು. ಕಾಲು ನೋಯುತ್ತಿತ್ತು, ಹೊಟ್ಟೆ ಹಸಿದಿತ್ತು. ಅಲೆ ಇನ್ನೂ ಏಳುತ್ತಿರುವಾಗಲೇ ಅಣ್ಣನ ಹೆಗಲು ಮುಟ್ಟಿದೆ. ಅವನು ಕೈ ತಡೆದು ನನ್ನ ಮುಖ ನೋಡಿದ.

“ನಿಂತಿತೇನು?”

“ನಿಂತೈತಿ.”

ಮುಂದಿನ ತಂತಿಗೂ ಹಾಗೇ ಮಾಡಿದೆ, ಅದರ ಮುಂದಿನದಕ್ಕೂ. ಹತ್ತು ಹನ್ನೆರಡು ಸ್ವರ ಹಾಗೇ ಮುಗಿಸಿದೆವು. ತಂತಿ ಸುತ್ತಿದ ಮೊಳೆ ಎಷ್ಟು ತಿರುಗಿದರೆ ತಂತಿ ಎಲ್ಲಿಗೆ ಬರುತ್ತದೆ ಎಂದು ಅವನ ಮಣಿಕಟ್ಟಿಗೆ ಗೊತ್ತಿತ್ತು. ಅವನು ಮತ್ತೆ ಕೇಳಲಿಲ್ಲ.

ಸಂಜೆ ನಮ್ಮನ್ನೂ ಕೂರಲು ಹೇಳಿದ್ದರು. ಮೊದಲು ಕೂತ ಹುಡುಗಿಯ ಬೆರಳು ಬಲತುದಿಗೆ ಹೋದದ್ದೇ ತಡ, ಒಡೆದ ಗಾಜು ತುಳಿದ ಹಾಗೆ ಕೇಳಿಸಿತು. ಹುಡುಗಿ ನಿಲ್ಲಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಮತ್ತೆ ಮೊದಲಿನಿಂದ ಶುರುಮಾಡಿದಳು, ಅದೇ ಜಾಗದಲ್ಲಿ ಮತ್ತೆ ಹಾಗೇ ಆಗಿ ಕಣ್ಣು ತುಂಬಿಕೊಂಡಳು. ಟೀಚರ್ ಎದ್ದು ನಮ್ಮ ಕಡೆ ತಿರುಗಿದರು. “ಎಂತ ಮೇಸ್ತ್ರಿ ಇದು?”

ತಪ್ಪು ನನ್ನದು ಅನ್ನಬಹುದಿತ್ತು. ಏನೂ ಅನ್ನದೆ ಇರಬಹುದಿತ್ತು. ಅಷ್ಟು ಮಂದಿಯ ಕಣ್ಣು ನಮ್ಮ ಮೇಲೆ ಬಿದ್ದಾಗ ನನ್ನ ಬಾಯಿಂದ ಬಂದದ್ದು ಇದು: “ಅಣ್ಣಗ ಈಗ ಕಿವಿ ಕೇಳಸೂದಿಲ್ರಿ ಬಾಯಾರ. ಆರು ವರ್ಷ ಆತು.”

ಅಣ್ಣ ನನ್ನನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಇಷ್ಟು ವರ್ಷ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ಆಮೇಲೆ ಎದ್ದು ನಿಂತು, “ಹೌದ್ರಿ ಬಾಯಾರ, ಕಿವಿ ಹೋಗ್ಯಾವ. ನಾ ಮೊದಲ ಹೇಳಬೇಕಿತ್ತು. ತಮ್ಮಂದೇನೂ ತಪ್ಪಿಲ್ಲ,” ಅಂದ. ಹುಡುಗಿಯ ಹತ್ತಿರ ಹೋಗಿ, “ನಿನ್ನ ಬೆರಳ ಸರಿ ಅದಾವ ಅವ್ವಾ,” ಅಂದ. ಅವಳಿಗೆ ಕನ್ನಡ ತಿಳಿಯಿತೋ ಇಲ್ಲವೋ.

ದಾದರ್‌ನ ಬ್ರಿಡ್ಜ್ ಮೇಲೆ ಚೀಲವನ್ನು ನನ್ನ ಹೆಗಲಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಮನೆಗೆ ಬಂದು ಮಂಚದ ಕೆಳಗೆ ತಳ್ಳಿದ. ಮತ್ತೆ ತೆಗೆಯಲಿಲ್ಲ. ಬಾಂದ್ರಾದ ಮನೆಗಳು ಒಂದಕ್ಕೊಂದು ಹೇಳಿಕೊಂಡವು, ಒಂದು ತಿಂಗಳೊಳಗೆ ಎಲ್ಲರೂ ಬೇರೆ ಟ್ಯೂನರ್ ಹಿಡಿದರು. ಜೂನ್ ಬಂದಾಗ ಫೋನ್ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ, ಯಾರಿಗೂ ಹಚ್ಚಲಿಲ್ಲ. ಮತ್ತೆರಡು ವರ್ಷ ಬದುಕಿದ. ಯಾಕೆ ಕೆಲಸ ಬಿಟ್ಟಿ ಎಂದು ಬೀಗರು ಬಂಧುಗಳು ಯಾರೇ ಕೇಳಲಿ, ನಾನಿದ್ದಲ್ಲಿ ನನಗಿಂತ ಮೊದಲು ಅವನೇ, “ಕಿವಿ ಹೋಗ್ಯಾವಲ್ಲ,” ಎಂದು ಮಾತು ಮುಗಿಸಿಬಿಡುತ್ತಿದ್ದ. ಎಷ್ಟೋ ಸಲ ಹೇಳಿದ. ಪ್ರತಿ ಸಲವೂ ಅಷ್ಟೇ ಮೆತ್ತಗೆ.

ಹೋದ ಶ್ರಾವಣದಲ್ಲಿ ಎದೆನೋವು ಬಂದು ಹೋಗಿಬಿಟ್ಟ. ದಿನಕರ್ಮಗಳೆಲ್ಲ ಆದ ಮೇಲೆ ವೈನಿ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟಳು. “ತಮ್ಮ ಒಂದ ಆರಿಸಿಕೊಳ್ಳಲಿ, ಉಳಿದ ನಾಕು ಬಾಯಾರಿಗೆ ಮುಟ್ಟಿಸಲಿ ಅಂತ ನಿಮ್ಮ ಅಣ್ಣ ಮೊದಲ ಹೇಳಿಟ್ಟಿದ್ರು,” ಅಂದಳು. ಮುಚ್ಚಳ ತೆಗೆದೆ, ಒಳಗೆ ಆ ಐದು ಕ್ಯಾಸೆಟ್. ಮಳೆಗಾಲಗಳ ಹಸಿಗೆ ಅಂಟು ಬಿಟ್ಟು ಟಿಕಳಿಗಳೆಲ್ಲ ಡಬ್ಬಿಯ ತಳದಲ್ಲಿ ಬಿದ್ದಿದ್ದವು. ಹಸಿರಿನದು ಯಾವುದೆಂದು ತಿಳಿಯಲು ಕೇಳುವುದೊಂದೇ ದಾರಿ.

ಮೂರು ವಾರ ಮಧ್ಯಾಹ್ನ ಮಧ್ಯಾಹ್ನ ಅವನು ಕೂರುತ್ತಿದ್ದ ಗೋಡೆಗೇ ಆತು ಕೂತೆ. ಕೆಮ್ಮು ಕೇಳಿದರೆ ಸಾಕೆಂದುಕೊಂಡಿದ್ದೆ. ಆದರೆ ಎಲ್ಲ ಕ್ಯಾಸೆಟ್‌ಗಳ ಶುರುವೂ ಸವೆದು ಬರೀ ಖರಖರ. ಪೂರ್ತಿ ಕೇಳಬೇಕಾಯಿತು, ಮತ್ತೆ ಮತ್ತೆ. ಅವು ಒಂದೇ ಥರ ಇಲ್ಲ ಎಂದು ನನಗೆ ಆಗ ತಿಳಿಯಿತು. ಒಬ್ಬ ಅವಸರದವನು, ಒಬ್ಬ ಪಾಠ ಒಪ್ಪಿಸುವವನು, ಒಬ್ಬ ಮುಂದಿನ ಸ್ವರಕ್ಕೆ ಹೋಗಲು ಮನಸ್ಸಿಲ್ಲದವನು. ನಾಲ್ಕನೆಯದರ ಅರ್ಧ ದಾರಿಯಲ್ಲಿ ಒಂದು ಸ್ವರದೊಳಗೆ ಅಲೆ ಎದ್ದಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಮುಟ್ಟಲು ಅಲ್ಲಿ ಹೆಗಲಿರಲಿಲ್ಲ. ಅಲ್ಲಿಂದ ಮುಂದೆ ಆ ಪಟ್ಟಿ ಬಂದಾಗೆಲ್ಲ ನುಡಿಸುವವನು ಮೆಲ್ಲಗೆ ಬೆರಳು ಇಟ್ಟದ್ದು ಕೇಳಿದೆ. ಹದಿನಾಲ್ಕರವರೆಗೆ ಎಣಿಸಿದೆ. ಆಮೇಲೆ ಬಿಟ್ಟೆ.

ಉಳಿದ ನಾಲ್ಕನ್ನು ತೆಗೆದುಕೊಂಡು ಬಾಂದ್ರಾಕ್ಕೆ ಹೋದೆ. ಟೀಚರ್‌ಗೆ ಈಗ ಕೋಲು ಬಂದಿದೆ. ಅಣ್ಣನ ಸುದ್ದಿ ಕೇಳಿ ಅವನು ಕೂರುತ್ತಿದ್ದ ಸೋಫಾದ ಮೇಲೆ ಕೂತರು. ಆಮೇಲೆ ಕ್ಯಾಸೆಟ್‌ಗಳನ್ನು ನೋಡಿ, “ನಾಲ್ಕೇ ಉಂಟಲ್ಲ? ಯಾವುದು ಇಟ್ಕೊಂಡ್ರಿ?” ಅಂದರು.

“ಹಸರ ಟಿಕಳಿದು.”

“ಯಾಕೆ?”

ಟಿಕಳಿ ಛಂದ ಐತಿ ಅನ್ನಲಾಗಲಿಲ್ಲ. ಹೆಗಲು ಮುಟ್ಟಿದ್ದರಿಂದ ಶುರುಮಾಡಿ ಎಲ್ಲ ಹೇಳಿದೆ. ಮುಗಿದ ಮೇಲೆ, “ನಾನು ಮರುದಿನವೇ ಬೇರೆಯವನಿಗೆ ಫೋನ್ ಮಾಡಿದೆ,” ಅಂದರು. “ಮೇಸ್ತ್ರಿಯನ್ನು ಕರೆದು ಒಂದು ಮಾತು ಕೇಳ್ಲಿಲ್ಲ.” ಕೋಲೂರಿ ಹೋಗಿ ಪಿಯಾನೋದ ಕೆಳಗಿನ ಹಲಗೆ ಸರಿಸಿದರು. ಒಳಗೆ ಬಲ್ಬ್ ಉರಿಯುತ್ತಿತ್ತು. ಹೊರಡುವಾಗ ನನ್ನ ಹೆಸರು ಕೇಳಿದರು. ಹೇಳಿದೆ. ಕೇಳಬಾರದಿತ್ತು ಅನ್ನಿಸಿತು.

ಮನೆಗೆ ಬಂದು ಡಬ್ಬಿಯ ತಳದಿಂದ ಹಸಿರು ಟಿಕಳಿ ಹೆಕ್ಕಿ ಮತ್ತೆ ಅಂಟಿಸಿದೆ. ನಿಲ್ಲಲಿಲ್ಲ. ವೈನಿ ತನ್ನ ಹಳೆಯ ಟಿಕಳಿ ಹಾಳೆಯಿಂದ ಹೊಸದೊಂದು ಬಿಡಿಸಿ ಕೊಟ್ಟು, “ಬಾಯಾರ ಏನಂದ್ರು?” ಎಂದು ಕೇಳಿದಳು. “ಚಹಾ ಕೊಟ್ರು,” ಅಂದೆ. ಗಂಡನ ಕಿವಿಯಿಂದಲೇ ಆ ಮಕ್ಕಳ ಕಾರ್ಯಕ್ರಮ ಕೆಟ್ಟಿತು ಎಂದು ಆಕೆ ಇವತ್ತಿಗೂ ನಂಬಿದ್ದಾಳೆ, ಕೇಳಿದವರಿಗೆ ತಲೆ ತಗ್ಗಿಸಿ ಹಾಗೆಯೇ ಹೇಳುತ್ತಾಳೆ. ಆಕೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಕನ್ನಡದಲ್ಲಿ ಅಚ್ಚಾದದ್ದು ಸಿಕ್ಕರೆ ಸಾಕು, ಪುಡಿಕೆ ಕಟ್ಟಿದ ಕಾಗದವನ್ನೂ ಬಿಡದೆ ಓದುತ್ತಾಳೆ. ಇದನ್ನೂ ಓದುತ್ತಾಳೆ.