ಎಂಟು ಗಂಟೆ ದಿಕ್ಕಿನ ಜೊತೆಗಾರ

ನನ್ನ ಮೇಷ್ಟ್ರ ಬಲಗಣ್ಣು ಹೋದದ್ದರಲ್ಲಿ ನನ್ನ ಪಾಲೂ ಇದೆ. ಸಕ್ಕರೆ ಕಾಯಿಲೆಯಿಂದ ಹೋಯಿತು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಅದು ಸುಳ್ಳಲ್ಲ. ಆದರೆ ಆ ಕಾಯಿಲೆಗೆ ಐದಾರು ತಿಂಗಳು ದಾರಿ ಬಿಟ್ಟುಕೊಟ್ಟವಳು ನಾನು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲವೇನೋ.

ಅವರು ಅರಸೀಕೆರೆಯಲ್ಲಿ ನಮಗೆ ಪಿಯುಸಿ ಭೌತಶಾಸ್ತ್ರ ಹೇಳಿಕೊಟ್ಟವರು. ಲ್ಯಾಬಿನಲ್ಲಿದ್ದದ್ದು ಒಂದೇ ಸ್ಪೆಕ್ಟ್ರೋಮೀಟರು, ನಾವು ಅರವತ್ತು ಮಂದಿ. ಸಾಲಾಗಿ ಬಂದು ಕಣ್ಣಿಟ್ಟು, ಅವರು "ಕಂಡ್ತಾ?" ಅಂದರೆ "ಕಂಡ್ತು ಸಾರ್" ಎಂದು ಪಕ್ಕಕ್ಕೆ ಸರಿಯಬೇಕು. ಬಣ್ಣದ ಗೆರೆ ನಿಜವಾಗಿ ಕಂಡವರು ಹತ್ತು ಜನ ಇದ್ದರೆ ಹೆಚ್ಚು. ಕಾಣಲಿಲ್ಲ ಅಂದರೆ ಮೇಷ್ಟ್ರು ಮತ್ತೆ ಸ್ಕ್ರೂ ತಿರುಗಿಸುತ್ತಾ ಕೂರಬೇಕು, ಹಿಂದೆ ನಿಂತವರು ಜಡೆ ಎಳೆಯುತ್ತಾರೆ, ಊರಿನ ಬಸ್ಸು ತಪ್ಪುತ್ತದೆ. ಹಾಗಾಗಿ ಎಲ್ಲರಿಗೂ ಕಾಣುತ್ತಿತ್ತು. ಈಗ ನಾನೇ ಹಳೇಬೀಡಿನಲ್ಲಿ ವಿಜ್ಞಾನದ ಟೀಚರು. ನನ್ನ ಮಕ್ಕಳೂ ಮೈಕ್ರೋಸ್ಕೋಪಿನ ಮುಂದೆ ಅದನ್ನೇ ಹೇಳುತ್ತಾರೆ, ನಾನೂ ನಂಬಿದವಳ ಹಾಗೆ ಮುಂದಿನವರನ್ನು ಕರೆಯುತ್ತೇನೆ.

ನಿವೃತ್ತಿಯಾದ ಮೇಲೆ ಮೇಷ್ಟ್ರು ಬೇಲೂರಿಗೆ ಬಂದರು. ಅವರ ಹೆಂಡತಿ, ನಾನು ಅಮ್ಮ ಎಂದು ಕರೆಯುವವರು, ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ನಡೆಸುತ್ತಾರೆ. ಮದುವೆ ಸೀಸನ್ನಿನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಳಕೋಣೆಯಲ್ಲಿ ಮೇಷ್ಟ್ರ ಕಂಪ್ಯೂಟರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಾನು ಬಸ್ಸು ಹತ್ತುತ್ತಿದ್ದೆ, ಅಮ್ಮ ಬಡಿಸಿದ ಮುದ್ದೆ ಉಂಡು ನಾವಿಬ್ಬರೂ ನಕ್ಷತ್ರ ನೋಡಲು ಕೂರುತ್ತಿದ್ದೆವು. "ಹಗಲೊತ್ತಲ್ಲಿ ನಕ್ಷತ್ರ ನೋಡೋರ್ನ ಇಲ್ಲೇ ಕಂಡಿದ್ದು ಕಣೇ," ಎಂದು ಅಮ್ಮ ಹೊಲಿಗೆ ಮೆಷಿನ್ನಿನಿಂದಲೇ ರೇಗಿಸುತ್ತಿದ್ದರು.

ನಮ್ಮ ಕೆಲಸ ಇಷ್ಟೇ. ಹೊರದೇಶದ ವಿಜ್ಞಾನಿಗಳ ಗುಂಪೊಂದು ಆಕಾಶದ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಆಸಕ್ತಿ ಇದ್ದವರು ಹುಡುಕಿಕೊಡಿ ಎಂದು ಕೇಳಿತ್ತು. ಹುಡುಕಬೇಕಾದದ್ದು ಕಂದು ಕುಬ್ಜಗಳನ್ನು. ನಕ್ಷತ್ರವಾಗಲು ಹೊರಟು, ಸಾಕಷ್ಟು ತೂಕ ಕೂಡಿಬರದೆ ಅರ್ಧಕ್ಕೇ ನಿಂತ ಕಾಯಗಳು ಅವು. ಮೇಷ್ಟ್ರು ಅದಕ್ಕೆ ಹಸಿ ಸೌದೆಯ ಒಲೆ ಅನ್ನುತ್ತಿದ್ದರು, ಬಿಸಿ ಇರುತ್ತದೆ, ಉರಿ ಏಳುವುದಿಲ್ಲ. ದೊಡ್ಡ ನಕ್ಷತ್ರದ ಪಕ್ಕದಲ್ಲಿ ಇವು ಅದರ ಬೆಳಕಿನಲ್ಲಿ ಮುಳುಗಿಹೋಗುತ್ತವೆ. ಚಿಕ್ಕದಾದ, ತಣ್ಣನೆಯ ಕೆಂಪು ನಕ್ಷತ್ರದ ಪಕ್ಕದಲ್ಲಾದರೆ ಕಣ್ಣಿಗೆ ಬೀಳುವ ಆಸೆ ಇರುತ್ತದೆ. ಒಂದೇ ಜಾಗದ, ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಕಂಪ್ಯೂಟರು ಒಂದರ ಮೇಲೊಂದು ತೋರಿಸುತ್ತದೆ. ದೂರದ ಚುಕ್ಕಿಗಳು ನಿಂತಲ್ಲೇ ನಿಂತಿರುತ್ತವೆ, ಹತ್ತಿರದ ನಕ್ಷತ್ರ ಕೂದಲೆಳೆಯಷ್ಟು ಜರುಗುತ್ತದೆ. ಅದರ ಜೊತೆಗೇ ಅಷ್ಟೇ ಜರುಗುವ ಮಸುಕು ಚುಕ್ಕಿ ಸಿಕ್ಕಿದರೆ ಅದು ಅದರ ಜೊತೆಗಾರ.

ಮೇಷ್ಟ್ರು ಚಿತ್ರದ ಬಣ್ಣವನ್ನು ತಿರುವುಮುರುವು ಮಾಡಿಕೊಂಡಿದ್ದರು: ಬಿಳಿ ಆಕಾಶ, ಕಪ್ಪು ನಕ್ಷತ್ರ. ಹಳೆಯ ದೂರದರ್ಶಕದ ಅಭ್ಯಾಸದಿಂದ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಮಾತ್ರ ನೋಡುತ್ತಿದ್ದರು. ಇನ್ನೂ ಒಂದು ಪಾಠ ಅವರಿಗೆ ಮಂತ್ರದ ಹಾಗಿತ್ತು. ಮಸುಕಾದದ್ದನ್ನು ನೇರವಾಗಿ ನೋಡಬಾರದು, ನೇರ ನೋಡಿದರೆ ಮಾಯವಾಗುತ್ತದೆ; ಪಕ್ಕದಲ್ಲಿ ದೃಷ್ಟಿ ನಿಲ್ಲಿಸಿ ವಾರೆಯಿಂದ ಹಿಡಿಯಬೇಕು. ದೂರದರ್ಶಕದ ಮಟ್ಟಿಗೆ ಅದು ನಿಜ.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಶನಿವಾರ ಅವರು ಬಾಗಿಲಲ್ಲೇ ನನ್ನನ್ನು ಕಾಯುತ್ತಿದ್ದರು. ಊಟಕ್ಕೂ ಬಿಡದೆ ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು.

"ನಕ್ಷತ್ರದ ಮೇಲೆ ಕಣ್ಣಿಡು. ಗಡಿಯಾರದಲ್ಲಿ ಎಂಟು ಗಂಟೆ ಎಲ್ಲಿರುತ್ತೋ ಅಲ್ಲಿ, ಕಂದು ಬಣ್ಣದ್ದು. ನಕ್ಷತ್ರ ಜರುಗಿದಂಗೆಲ್ಲ ಅದೂ ಜರುಗುತ್ತೆ. ಕಂಡ್ತಾ?"

ಬಿಳಿ ಪರದೆಯ ಮೇಲೆ ಒಂದು ಕಪ್ಪು ಚುಕ್ಕಿ ಜರುಗುತ್ತಿತ್ತು. ಪಕ್ಕದಲ್ಲಿ ಏನೂ ಇರಲಿಲ್ಲ. ಅವರ ಉಸಿರು ನನ್ನ ಕಿವಿಯ ಹತ್ತಿರ ಇತ್ತು. ನಾಲಗೆ ಹದಿನೇಳು ವರ್ಷದ ಹುಡುಗಿಯದಾಗಿಬಿಟ್ಟಿತು.

"ಕಂಡ್ತು ಸಾರ್."

ಅಮ್ಮನನ್ನು ಕೂಗಿ ಬೆಲ್ಲದ ಪಾನಕ ಮಾಡಿಸಿದರು. ಅದನ್ನು ಕುಡಿದು ಬಂದವಳು ನಾನು.

ಆಮೇಲೆ ಜೊತೆಗಾರರು ಸಾಲಾಗಿ ಸಿಗತೊಡಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಏಳು; ಒಂದೊಂದನ್ನೂ ಮೇಷ್ಟ್ರು ಆ ಗುಂಪಿಗೆ ಬರೆದು ಕಳಿಸಿದರು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಮೊದಲನೆಯದಕ್ಕೆ ಹೌದು ಎಂದವಳು ಎರಡನೆಯದಕ್ಕೆ ಇಲ್ಲ ಎನ್ನುವುದು ಹೇಗೆ? ನನ್ನ ಕಣ್ಣೇ ಸರಿಯಿಲ್ಲ ಎಂದು ಹಳೇಬೀಡಿನ ಕನ್ನಡಕದ ಅಂಗಡಿಗೆ ಹೋಗಿ ನಂಬರ್ ಪರೀಕ್ಷೆ ಮಾಡಿಸಿಕೊಂಡೆ. ಎಂಥ ಮೂರ್ಖಳು! ಪರೀಕ್ಷೆ ಮಾಡಿಸಬೇಕಾದ ಕಣ್ಣು ಬೇಲೂರಿನಲ್ಲಿತ್ತು.

ಅಮ್ಮನಿಗೆ ಅದು ಗೊತ್ತಾಗಿತ್ತು. ಮೇಷ್ಟ್ರು ಕಾಫಿಯನ್ನು ಲೋಟದ ಹೊರಗೆ ಬಗ್ಗಿಸುತ್ತಿದ್ದರು, ಹೊಸಿಲು ಎಡವುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ನನಗೆ ನೇರವಾಗಿ ಹೇಳಿದರು: "ಶುಗರ್ ಇರೋರು ವರ್ಷಕ್ಕೊಂದ್ಸಲ ಕಣ್ಣು ತೋರಿಸ್ಬೇಕಂತೆ. ನನ್ ಮಾತು ಕೇಳಾಕಿಲ್ಲ. ನೀನಾದ್ರೂ ಹೇಳೇ."

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ನಕ್ಕರು. "ಯಾರಿಗೂ ಕಾಣದ ಕಂದು ಕುಬ್ಜ ನನಗೆ ಕಾಣುತ್ತೆ, ಇವಳಿಗೂ ಕಾಣುತ್ತೆ. ಇಂಥ ಕಣ್ಣಿಗೆ ಡಾಕ್ಟ್ರು ಬೇರೆ ಬೇಕಾ? ಏನಮ್ಮ?" ಎಂದು ನನ್ನ ಕಡೆ ತಿರುಗಿದರು.

ಅಲ್ಲಿ ಒಂದು ಮಾತು ಸಾಕಿತ್ತು. ಅಮ್ಮ ಸಾರಿನ ಸೌಟು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಟ್ಟೆ ನೋಡುತ್ತಾ ಮುದ್ದೆ ನುಂಗಿದೆ.

ದಸರಾ ರಜೆಯಲ್ಲಿ ವಿಜ್ಞಾನಿಗಳ ಗುಂಪಿನಿಂದ ವಿನಯದ ಪತ್ರವೊಂದು ಬಂತು. ನೀವು ಹೇಳಿದ ಜಾಗಗಳಲ್ಲಿ ನಮಗೆ ಏನೂ ಕಾಣುತ್ತಿಲ್ಲ, ಎಲ್ಲವನ್ನೂ ಒಂದು ಪಟ್ಟಿ ಮಾಡಿ ಕಳಿಸಿ ಎಂದಿದ್ದರು. ಮೇಷ್ಟ್ರು ತಾವು ಗುರುತು ಹಾಕಿಟ್ಟಿದ್ದ ನೋಟ್‌ಬುಕ್ ಕೊಟ್ಟು ಪಟ್ಟಿ ಮಾಡಲು ಹೇಳಿದರು. ಮೊದಲ ನಕ್ಷತ್ರ: ಎಂಟು ಗಂಟೆ ದಿಕ್ಕು. ಎರಡನೆಯದು: ಎಂಟು ಗಂಟೆ ದಿಕ್ಕು. ಏಳಕ್ಕೆ ಏಳೂ ಎಂಟು ಗಂಟೆ ದಿಕ್ಕು, ಎಲ್ಲವೂ ಒಂದೇ ದೂರ. ಪೆನ್ನು ಕೆಳಗಿಟ್ಟೆ.

"ಸಾರ್, ಎಲ್ಲಾ ಎಂಟು ಗಂಟೆ ದಿಕ್ಕಲ್ಲೇ ಇದೆ," ಎಂದೆ.

ಅವರು ಮೇಷ್ಟ್ರು. ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಕುರ್ಚಿಯಿಂದ ಎದ್ದು, ಸುಣ್ಣ ಬಳಿದ ಗೋಡೆಯ ಮುಂದೆ ನಿಂತರು. ಗೋಡೆಯಲ್ಲಿ ಕ್ಯಾಲೆಂಡರಿನ ಖಾಲಿ ಮೊಳೆಯೊಂದಿತ್ತು. ಎಡಗಣ್ಣು ಮುಚ್ಚಿ ಅದನ್ನೇ ನೋಡಿದರು.

"ಈ ಮೊಳೆಗೂ ಒಬ್ಬ ಜೊತೆಗಾರ ಇದ್ದಾನೆ ಕಣಮ್ಮ," ಎಂದರು. ಆಮೇಲೆ ಸ್ವಿಚ್ಚನ್ನು ನೋಡಿದರು. ಆಮೇಲೆ ನನ್ನ ಮುಖವನ್ನು. ಅವರ ಕಣ್ಣು ಎಲ್ಲಿಗೆ ಹೋದರೆ ಅಲ್ಲಿಗೆ ಆ ಕಲೆ ಜರುಗುತ್ತಿತ್ತು. ನಕ್ಷತ್ರದ ಮೇಲೆ ಕಣ್ಣಿಟ್ಟರೆ ನಕ್ಷತ್ರದ ಜೊತೆಗೇ ಬರುತ್ತಿತ್ತು. ಜೊತೆಗಾರನನ್ನು ಗುರುತಿಸುವ ಪರೀಕ್ಷೆ ಅದೇ ತಾನೆ, ಅದರಲ್ಲಿ ಅದು ಪಾಸಾಗಿತ್ತು.

ಅವರು ಗೋಡೆಗೆ ಒರಗಿ ಕೇಳಿದರು. "ಇದು ನನ್ನ ಕಣ್ಣಿನೊಳಗಿದ್ರೆ, ನಿನಗೆ ಕಂಡಿದ್ದೇನು?"

"ಏನೂ ಕಂಡಿರ್ಲಿಲ್ಲ ಸಾರ್."

ಹೊಲಿಗೆ ಮೆಷಿನ್ನಿನ ಸದ್ದು ನಿಂತಿದ್ದು ನನಗೆ ಆಗ ಗೊತ್ತಾಯಿತು. ಅಮ್ಮ ಕತ್ತರಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಮೇಷ್ಟ್ರು ಸಿಟ್ಟಾಗಲಿಲ್ಲ. "ಒಂದ್ಸಲವೂ?" ಎಂದು ಮಾತ್ರ ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಅದು ಅವರಿಗೆ ಸರಿಯಾಗಿ ಕಂಡಿತೋ ಇಲ್ಲವೋ.

ಮಾರನೆಯ ದಿನವೇ ಹಾಸನಕ್ಕೆ ಕರೆದುಕೊಂಡು ಹೋದೆವು. ಕಣ್ಣಿನ ಹಿಂಬದಿಯ ಪರದೆಯಲ್ಲಿ ರಕ್ತ ಒಸರಿ ಹೆಪ್ಪುಗಟ್ಟಿದೆ, ಎಡಗಣ್ಣಿನಲ್ಲೂ ಶುರುವಾಗಿದೆ ಎಂದರು ಡಾಕ್ಟರು. "ಕಲೆ ಕಂಡ ಮೊದಲ ವಾರವೇ ಬರೋದಲ್ವಾ? ನಿಮ್ಮಂಥ ಓದಿದೋರೇ ಹಿಂಗೆ ಮಾಡಿದ್ರೆ?" ಅಮ್ಮ ನನ್ನ ಕಡೆ ತಿರುಗಲಿಲ್ಲ. ಲೇಸರ್ ಆಯಿತು, ಇಂಜೆಕ್ಷನ್ ಆಯಿತು. ಸಂಕ್ರಾಂತಿಯ ಹೊತ್ತಿಗೆ ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಲ್ಲಿ ಬಾಗಿಲು ಯಾವುದು, ಕಿಟಕಿ ಯಾವುದು ಎನ್ನುವಷ್ಟು ಉಳಿದಿದೆ.

ಇನ್ನು ಆ ಮನೆಗೆ ಕಾಲಿಡಬಾರದು ಎಂದುಕೊಂಡಿದ್ದೆ. ಮೇಷ್ಟ್ರೇ ಫೋನ್ ಮಾಡಿಸಿದರು, ಶನಿವಾರ ಬಂದು ಚಿತ್ರ ನೋಡು ಎಂದರು. ಹೋದೆ. ಈಗ ನಾನು ನೋಡುತ್ತೇನೆ, ಅವರು ಪಕ್ಕದಲ್ಲಿ ಕೈಕಟ್ಟಿ ಕೂರುತ್ತಾರೆ. "ಕಂಡ್ತಾ?" ಎನ್ನುತ್ತಾರೆ. "ಇಲ್ಲ ಸಾರ್" ಎನ್ನುತ್ತೇನೆ. ವಾರವಾರವೂ ಇಲ್ಲ ಎನ್ನುವುದು ಈಗ ನನಗೆ ಸುಲಭವಾಗಿದೆ.

ಕಳೆದ ತಿಂಗಳು ಒಂದು ಚಿತ್ರದಲ್ಲಿ ಚಿಕ್ಕ ಕೆಂಪು ನಕ್ಷತ್ರವೊಂದರ ಬಲಕ್ಕೆ, ಎರಡು ಗಂಟೆ ದಿಕ್ಕಿನಲ್ಲಿ, ತೀರಾ ಮಸುಕಾದ ಚುಕ್ಕಿ ಇತ್ತು. ಚಿತ್ರಗಳನ್ನು ಹತ್ತು ಸಲ ಹಿಂದೆ ಮುಂದೆ ಮಾಡಿದೆ. ನಕ್ಷತ್ರ ಜರುಗಿದಷ್ಟೇ ಅದೂ ಜರುಗಿತು. ಗೋಡೆ ನೋಡಿದೆ, ಮೊಳೆ ನೋಡಿದೆ, ಅಲ್ಲಿ ಯಾವ ಚುಕ್ಕಿಯೂ ಇರಲಿಲ್ಲ.

"ಸಾರ್, ಕಂಡ್ತು."

ಮೇಷ್ಟ್ರು ಅಲ್ಲಾಡಲಿಲ್ಲ. "ಅಮ್ಮನ್ನ ಕರಿ," ಎಂದರು.

ಅಮ್ಮ ಹೊಲಿಯುವಾಗ ಹಾಕುವ ಬೆರಳಿನ ಟೋಪಿ ತೆಗೆಯುತ್ತಾ ಬಂದರು. ನಕ್ಷತ್ರದ ಗಂಧ ಅವರಿಗಿಲ್ಲ. ಬಗ್ಗಿ ನೋಡಿ, "ಒಂದೇ ಚುಕ್ಕಿ ಐತೆ. ಇನ್ನೇನೂ ಕಾಣಾಕಿಲ್ಲ ನಂಗೆ," ಎಂದುಬಿಟ್ಟರು. ಎಷ್ಟು ಸಲೀಸಾಗಿ! ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿ, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

"ತಾಳಿ, ತಾಳಿ. ಬಲಕ್ಕೆ ಮೇಲ್ಗಡೆ ಸಣ್ಣದೊಂದೈತೆ ಕಣ್ರೀ. ದೊಡ್ಡದು ಜರುಗಿದಂಗೆ ಅದೂ ಜರುಗ್ತೈತೆ."

ಮೇಷ್ಟ್ರ ಮುಖ ಆಗ ಅರಳಿತು. ನಾನು ಹೇಳಿದಾಗ ಅರಳದ ಮುಖ. ಅಮ್ಮನ ಕೈ ಹುಡುಕಿ ಹಿಡಿದುಕೊಂಡರು, ಇನ್ನೊಂದು ಸಲ ಹೇಳು ಎಂದರು, ಅಮ್ಮ ಇನ್ನೊಂದು ಸಲ ಹೇಳಿದರು.

ಪತ್ರ ಕಳಿಸಿದ್ದೇವೆ. ಯಾರೋ ಮೊದಲೇ ಕಂಡುಹಿಡಿದದ್ದೂ ಇರಬಹುದು, ಉತ್ತರ ಇನ್ನೂ ಬಂದಿಲ್ಲ. ಅವತ್ತು ನೋಟ್‌ಬುಕ್ ತೆರೆದು ದಿಕ್ಕು, ದೂರ ಬರೆದೆ. ಕೊನೆಯಲ್ಲಿ "ನೋಡಿದವರು" ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಅವಳ ಹೆಸರು ಬರಿ," ಎಂದರು ಮೇಷ್ಟ್ರು.

ಅಮ್ಮನ ಹೆಸರನ್ನು ಬರೆದೆ. ನನ್ನದನ್ನೂ ಸೇರಿಸಲೇ ಎಂದು ಕೇಳಲು ಬಾಯಿ ಬರಲಿಲ್ಲ.