ಅವಳಿಲ್ಲದ ಚಿತ್ರಗಳು

ನನ್ನ ಹೆಂಡತಿ ದೋಹಾದ ಆಸ್ಪತ್ರೆ ಕೆಲಸ ಬಿಟ್ಟು ಐರ್ಲೆಂಡಿಗೆ ನರ್ಸ್ ಆಗಿ ಹೊರಟಾಗ ನಮ್ಮ ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಆ ವರ್ಷಗಳಲ್ಲಿ ಗಲ್ಫಿನಲ್ಲಿದ್ದ ನಮ್ಮ ಮಂಗಳೂರು ಕಡೆಯ ಎಷ್ಟೋ ನರ್ಸುಗಳು ಹಾಗೆ ಹೋಗುತ್ತಿದ್ದರು. ಮೊದಲು ಅವಳು ಹೋಗುವುದು, ವೀಸಾ ಆದ ಮೇಲೆ ನಾನೂ ಮಗಳೂ ಹೋಗುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ಅಪ್ಪ ಮಗಳಿಬ್ಬರೂ ದೋಹಾದ ಅಲ್ ಅಜೀಜಿಯಾ ಬಡಾವಣೆಯ ಒಂದು ವಿಲ್ಲಾದ ಹಿಂಭಾಗದಲ್ಲಿ, ಬಾಡಿಗೆಯ ಎರಡು ಕೋಣೆಗಳಲ್ಲಿ ಉಳಿದೆವು. ನನಗೆ ಹಳೆಯ ಪೇಟೆಯಾದ ಮುಶೈರಿಬ್‌ನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗುಮಾಸ್ತನ ಕೆಲಸ.

ಹೊರಡುವ ದಿನ ಅವಳ ಕೈಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಟ್ಟೆ. "ಮನೆ, ರಸ್ತೆ, ಆಸ್ಪತ್ರೆ, ಎಲ್ಲ ತೆಗೆದು ಕಳಿಸು. ಮಗಳಿಗೆ ತೋರಿಸ್ಲಿಕ್ಕೆ ಬೇಕು" ಎಂದೆ.

ಮೊದಮೊದಲು ನನ್ನ ಆಫೀಸಿನ ಇ-ಮೇಲಿಗೆ ಬಂದ ಚಿತ್ರಗಳು ಅವಳವೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಓರೆಯಾದ ಮಂಚ, ಅರ್ಧ ಕಿಟಕಿ, ಚಹಾದ ಕೆಟಲಿನ ಪಕ್ಕ ಅವಳದೇ ಹೆಬ್ಬೆರಳು. ಮಗಳ ಹುಟ್ಟುಹಬ್ಬದಲ್ಲಿ ಎಲ್ಲರ ತಲೆ ಕತ್ತರಿಸಿ ಫೋಟೋ ತೆಗೆದವಳು ಅವಳು. ನಂತರ ಕೆಲವು ವಾರ ಏನೂ ಬರಲಿಲ್ಲ. ಆಮೇಲೆ ಬಂದವು ನೋಡಿ, ಬೇರೆಯೇ ಚಿತ್ರಗಳು. ಮಂಜು ಇಳಿಯುತ್ತಿದ್ದ ಹಸಿರು ಗುಡ್ಡ, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಬೇಲಿ, ಗುರುತಿಗೆಂದು ಬೆನ್ನಿಗೆ ನೀಲಿ ಬಣ್ಣ ಬಳಿದ ಕುರಿಗಳು. ಡಬ್ಲಿನ್ನಿನ ಒದ್ದೆ ರಸ್ತೆಯಲ್ಲಿ ಕರಗಿದಂತಿದ್ದ ದೀಪಗಳು, ಕೆಂಪು ಹಳದಿ ಬಾಗಿಲುಗಳ ಸಾಲು, ನಾಯಿಯ ಜೊತೆ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ. ಒಂದರಲ್ಲೂ ಅವಳಿರಲಿಲ್ಲ.

ನಾನು ಪ್ರಿಂಟ್ ಮಾಡಿ ಮನೆಗೆ ತಂದ ಒಂದೊಂದನ್ನೂ ಮಗಳು ನೋಡಿ, "ಮಮ್ಮಿ ಎಲ್ಲಿ?" ಎಂದು ಕೇಳುತ್ತಿದ್ದಳು.

"ಮಮ್ಮಿ ಕ್ಯಾಮೆರಾದ ಹಿಂದೆ ಇದ್ದಾಳೆ" ಎನ್ನುತ್ತಿದ್ದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಉಡುಪಿ ಕಡೆಯವರು, ಕಂಪ್ಯೂಟರ್ ಬಲ್ಲವರು. ಒಂದು ದಿನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಇದು ನಿಮ್ಮ ಮಿಸೆಸ್ ತೆಗೆದದ್ದಾ ಮಾರಾಯ್ರೆ? ಕ್ಯಾಲೆಂಡರಿನ ಫೋಟೋದ ಹಾಗೆ ಉಂಟಲ್ಲ!"

"ಅವಳೇ ತೆಗೆದದ್ದು."

"ಯಾವ ಕ್ಯಾಮೆರಾ?"

ಹೇಳಿದೆ. ಅವರು ನನ್ನ ಮೌಸ್ ತೆಗೆದುಕೊಂಡು ಚಿತ್ರದ ಮೇಲೆ ಏನೋ ಒತ್ತಿದರು. ಸಣ್ಣ ಕಿಟಕಿಯೊಂದು ತೆರೆದು, ಚಿತ್ರ ತೆಗೆದ ಕ್ಯಾಮೆರಾದ ಹೆಸರನ್ನೂ ದಿನಾಂಕವನ್ನೂ ತೋರಿಸಿತು. ನಾನು ಕೊಟ್ಟ ಕ್ಯಾಮೆರಾದ ಕಂಪನಿಯಲ್ಲ, ಬೇರೆ ಇತ್ತು. ಅವರು ನನ್ನ ಮುಖ ನೋಡಿದರು, "ಫ್ರೆಂಡ್ಸದ್ದು ಇರಬಹುದು ಬಿಡಿ" ಎಂದು ತಮ್ಮ ಕುರ್ಚಿಗೆ ಹೋದರು.

ಆವತ್ತು ಕೆಲಸ ಮುಗಿದರೂ ನಾನು ಏಳಲಿಲ್ಲ. ಎಲ್ಲ ಚಿತ್ರಗಳ ದಿನಾಂಕಗಳನ್ನೂ ತೆಗೆದು ನೋಡಿದೆ. ಬಹುಪಾಲು ಶನಿವಾರದವು. ಶನಿವಾರ ಡ್ಯೂಟಿ ಇರುತ್ತದೆ, ಫೋನ್ ಮಾಡಬೇಡಿ ಎಂದು ಅವಳೇ ಹೇಳಿದ್ದಳು.

ಶುಕ್ರವಾರ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದೆ. ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಫೋಟೋ ಚೆಂದ ಬರ್ತಾ ಉಂಟು. ಯಾರು ತೆಗೆಯುವುದು?"

"ನಾನೇ. ಮತ್ತೆ ಯಾರು?"

"ಕ್ಯಾಮೆರಾ ಸರಿ ಉಂಟಲ್ಲ?"

"ಉಂಟು" ಎಂದಳು. ಕೂಡಲೇ ಮಗಳ ಕೆಮ್ಮು ಹೇಗಿದೆ ಎಂದು ಕೇಳಿದಳು.

ಅಲ್ಲಿಂದ ಮುಂದೆ ನಾನು ಚಿತ್ರ ನೋಡುವ ರೀತಿಯೇ ಬದಲಾಯಿತು. ಗುಡ್ಡ, ಕುರಿ ಯಾವುದೂ ಬೇಡ. ಅಂಚಿನಲ್ಲಿ ನೆರಳು ಉಂಟೋ, ಹುಲ್ಲಿನ ಮೇಲೆ ಇನ್ನೊಬ್ಬರ ಹೆಜ್ಜೆ ಉಂಟೋ ಎಂದು ಹುಡುಕುತ್ತಿದ್ದೆ. ಕೊನೆಗೆ ಒಂದು ಬೇಕರಿಯ ಗಾಜಿನಲ್ಲಿ ಸಿಕ್ಕಿತು. ಬ್ರೆಡ್ಡುಗಳ ಮೇಲೆ ಇಬ್ಬರ ಪ್ರತಿಬಿಂಬ. ಒಬ್ಬಳು ಮುಖಕ್ಕೆ ಕ್ಯಾಮೆರಾ ಹಿಡಿದ ಸಣ್ಣ ಹೆಂಗಸು. ಅವಳ ಮೈಮೇಲಿನ ಜಾಕೆಟು ನಾನೇ ಕೊಡಿಸಿದ್ದು. ಅವಳ ಪಕ್ಕದಲ್ಲಿ, ಬಗ್ಗಿ ಏನನ್ನೋ ಹೇಳುತ್ತಿದ್ದ, ಟೋಪಿ ಹಾಕಿದ ಎತ್ತರದ ಗಂಡಸು. ಅವನ ಮುಖವನ್ನು ದೊಡ್ಡದು ಮಾಡುತ್ತ ಹೋದೆ. ಅದು ಬರೇ ಬೂದು ಚೌಕಗಳಾಗಿ ಹೋಯಿತು.

ಯಾರಲ್ಲಿಯೂ ಹೇಳಲಿಲ್ಲ. ಹೇಳದಿದ್ದರೂ ಜನ ಕೇಳುತ್ತಿದ್ದರು. ರಜೆಯ ದಿನವಾದ ಶುಕ್ರವಾರ ಚರ್ಚಿನ ಬಲಿಪೂಜೆ ಮುಗಿಸಿ ಬರುವಾಗ ಪರಿಚಯದ ಹೆಂಗಸೊಬ್ಬರು, "ಅಲ್ಲಿ ಅವಳು ಒಬ್ಬಳೇ ಇರುವುದಾ?" ಎಂದರು. ಆ 'ಒಬ್ಬಳೇ' ಎಂಬ ಮಾತು ಇಡೀ ವಾರ ನನ್ನ ಕಿವಿಯಲ್ಲಿತ್ತು. ವೀಸಾ ತಡವಾಗುತ್ತಿದೆ ಎಂದು ಅವಳು ಹೇಳಿದಾಗ ಅದನ್ನೂ ನಂಬಲಿಲ್ಲ.

ರಜೆಯಲ್ಲಿ ಅವಳು ದೋಹಾಕ್ಕೆ ಬಂದಳು. ತೆಳ್ಳಗಾಗಿದ್ದಳು. ಮಾರನೆಯ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಚೀಲ ಬಿಚ್ಚಿ ಸ್ವೆಟರುಗಳ ನಡುವಿನಿಂದ ದಪ್ಪ ಕಪ್ಪು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಅಡಗಿಸಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಇದು ಯಾರದ್ದು?"

"ಮೇಷ್ಟ್ರದ್ದು. ಕಲಿಯುವವರೆಗೆ ಇಟ್ಕೋ ಅಂದ್ರು. ನೀವು ಕೊಟ್ಟದ್ದು ಮೊದಲ ತಿಂಗಳೇ ಮಳೆಯಲ್ಲಿ ಹಾಳಾಯ್ತು. ಹೇಳ್ಲಿಕ್ಕೆ ಹೆದರಿಕೆ ಆಯ್ತು."

"ಯಾವ ಮೇಷ್ಟ್ರು? ಟೋಪಿಯವನಾ?"

ಅವಳು ನನ್ನನ್ನೇ ನೋಡಿದಳು. ಮೆಲ್ಲನೆ ಕುಳಿತು ಎಲ್ಲ ಹೇಳಿದಳು. ಅವಳಿದ್ದ ಊರಿನ ಲೈಬ್ರರಿಯಲ್ಲಿ ಫೋಟೋಗ್ರಫಿ ಕಲಿಸುತ್ತಿದ್ದರಂತೆ. ಹೇಳಿಕೊಡುವವರು ಬ್ಯಾಂಕಿನಿಂದ ನಿವೃತ್ತರಾದವರು, ಟೋಪಿಯವರು ಅವರೇ. ಅವರೂ ಅವರ ಹೆಂಡತಿಯೂ ಶನಿವಾರ ನಾಲ್ಕಾರು ಜನರನ್ನು ವ್ಯಾನಿನಲ್ಲಿ ಹಳ್ಳಿಗಳಿಗೆ, ಒಮ್ಮೊಮ್ಮೆ ಡಬ್ಲಿನ್ನಿಗೆ ಕರೆದುಕೊಂಡು ಹೋಗುತ್ತಿದ್ದರಂತೆ.

"ಡ್ಯೂಟಿ ಅಂತ ಯಾಕೆ ಹೇಳಿದ್ದು?"

"ಮಗಳನ್ನು ಇಲ್ಲಿ ಬಿಟ್ಟು ಹೋದವಳು ಶನಿವಾರ ಶನಿವಾರ ತಿರುಗ್ಲಿಕ್ಕೆ ಹೋಗ್ತಾಳೆ ಅಂತ ಹೇಳ್ಬೇಕಿತ್ತಾ? ನೀವು ಎಂತ ಹೇಳ್ತಿದ್ರಿ?"

ನಿಜ ಹೇಳಬೇಕೆಂದರೆ ಅವಳ ಮಾತು ಕೇಳಿ ಸಮಾಧಾನವಾಗುವ ಬದಲು ಇನ್ನೊಂದು ಬಗೆಯ ಸಂಕಟವಾಯಿತು. ಮೇಷ್ಟ್ರ ವಿಷಯ ಮುಕ್ಕಾಲು ಪಾಲು ನಂಬಿದೆ. ಆದರೆ ಅಷ್ಟು ದೂರದಲ್ಲಿ, ನಾವಿಲ್ಲದೆ, ಅವಳು ಖುಷಿಯಾಗಿದ್ದಳು ಎಂಬುದನ್ನು ನುಂಗುವುದು ಕಷ್ಟವಾಯಿತು.

ಮೂರನೆಯ ದಿನ ಬೆಳಿಗ್ಗೆ, "ಮುಶೈರಿಬ್‌ಗೆ ನಿಮ್ಮ ಜೊತೆ ಬರ್ತೇನೆ" ಎಂದು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡಳು. ಹಳೆಯ ಅಂಗಡಿಗಳ ಬೀದಿಯಲ್ಲಿ ಕ್ಷೌರದಂಗಡಿಯ ಪರದೆಯನ್ನು, ಗೋಡೆಗೆ ಒರಗಿಸಿದ ಸೈಕಲನ್ನು ತೆಗೆದಳು. ಒಂದೊಂದಕ್ಕೂ ಎಷ್ಟು ಹೊತ್ತು! ಮೊಣಕಾಲೂರಿ, ಉಸಿರು ಬಿಗಿಹಿಡಿದು, ಬೆಳಕಿಗೆ ಕಾಯುತ್ತಿದ್ದಳು. ಆ ಚಿತ್ರಗಳೆಲ್ಲ ಅವಳವೇ ಎಂದು ನನಗೆ ಗೊತ್ತಾದದ್ದು ಅಲ್ಲಿ.

ಕಟ್ಟಡವೊಂದರ ಕಾವಲುಗಾರ ಓಡಿ ಬಂದ. "ಫೋಟೋ ಮಾಫಿ, ಫೋಟೋ ತೆಗೆಯುವ ಹಾಗಿಲ್ಲ! ಯಾಕೆ ತೆಗೀತಿದ್ದೀರಿ? ಯಾರು ಕಳಿಸಿದ್ದು?" ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಗದರಿಸಿದ. ನಾನು ನನ್ನ ಕಂಪನಿಯ ಕಾರ್ಡು ತೋರಿಸಿ, "ನನ್ನ ಹೆಂಡತಿ. ಹಳೆಯ ಬೀದಿ ಚೆಂದ ಕಂಡಿತು, ತೆಗೆದಳು. ಬೇರೇನೂ ಇಲ್ಲ" ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ಅಳಿಸಲು ಹೇಳಿದ. ಅವಳು ವಾದ ಮಾಡದೆ ಅವನೆದುರೇ ಒಂದೊಂದಾಗಿ ಅಳಿಸಿದಳು. "ಖಲಾಸ್, ಯಲ್ಲಾ" ಎಂದು ಅವನು, ಮುಗೀತು ಹೋಗಿ ಎನ್ನುವಂತೆ, ಕೈ ಬೀಸಿದ.

ರಸ್ತೆ ದಾಟುವಾಗ ಅವಳು ಹೇಳಿದಳು: "ಅಲ್ಲಿ ಹಳ್ಳಿಯವರು ಎಂತ ಮಾಡ್ತಿದ್ದೀ ಅಂತ ಕೇಳ್ತಾರೆ. ತೋರಿಸಿದ್ರೆ ನಗ್ತಾರೆ, ಹೋಗ್ತಾರೆ. ಯಾರ ಜೊತೆ ಬಂದದ್ದು, ಯಾರು ಕಳಿಸಿದ್ದು ಅಂತ ಯಾರೂ ಕೇಳುವುದಿಲ್ಲ."

ನನಗೇ ಹೇಳಿದ್ದೆಂದು ಅರ್ಥವಾಯಿತು. ಅವಳ ಚೀಲ ನಾನು ಹೊತ್ತುಕೊಂಡೆ.

ರಜೆ ಮುಗಿಸಿ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಮಗಳು ಅವಳ ಸೊಂಟ ಬಿಡಲಿಲ್ಲ. ಅವಳು ಮಗಳನ್ನು ಸಮಾಧಾನಪಡಿಸಿ ಎದ್ದು ನಿಂತಾಗ ಕೇಳಿದೆ, "ಮುಂದಿನ ಶನಿವಾರ ಫೋಟೋ ತೆಗೀಲಿಕ್ಕೆ ಎಲ್ಲಿಗೆ ಹೋಗುವುದು?"

"ಕೇಳಿದ್ದು ಯಾಕೆ?" ಎಂದಳು ತಟ್ಟನೆ. ಅವಳ ಹುಬ್ಬು ಗಂಟಿಕ್ಕಿತ್ತು.

"ಸುಮ್ಮನೆ ಕೇಳಿದೆ."

ಸುಮ್ಮನೆಯೋ ಅಲ್ಲವೋ ಎಂದು ನನ್ನ ಮುಖದಲ್ಲಿ ಹುಡುಕಿದಳು. ಆಮೇಲೆ, "ಕಡಲ ಬದಿಗೆ. ಅಲ್ಲಿ ಒಂದು ದೀಪಸ್ತಂಭ ಉಂಟಂತೆ" ಎಂದು ಹೇಳಿ ಒಳಗೆ ಹೋದಳು.